ನಾಲ್ಕು ಮಗ್ಗುಲಿಗೆ ನಾಲ್ಕು ವಾಸನೆ

ನಮ್ಮಕ್ಕನ ಬಗ್ಗೆ ಬರೆಯೋಣವೆಂದು ಕೂತರೆ ಮೊದಲು ಸಿಟ್ಟು ಬರುವುದು ಆ ಕಟ್ಟಡದ ಮೇಲೆ. ಅವಳನ್ನು ಬಿಟ್ಟು ಕಟ್ಟಡವನ್ನು ಬೈಯುವುದಕ್ಕಾಗುವುದಿಲ್ಲ, ಕಟ್ಟಡವನ್ನು ಬಿಟ್ಟು ಅವಳ ಕಥೆ ಹೇಳುವುದಕ್ಕೂ ಆಗುವುದಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ.

ನಾವಿಬ್ಬರೂ ಕೆಲಸ ಮಾಡುವುದು ಒಂದು ದೊಡ್ಡ ಕಂಪನಿಯ ಮುಖ್ಯ ಕಚೇರಿಯಲ್ಲಿ. ನಾನು ಎಲೆಕ್ಟ್ರಿಷಿಯನ್. ಅಕ್ಕ ನೆಲ ಒರೆಸುವವಳು. ಅವಳಿಗೆ ಐವತ್ತೊಂದು, ನನಗೆ ನಲವತ್ತಾರು. ಮದುವೆಯಾದ ಎರಡನೆಯ ವರ್ಷಕ್ಕೇ ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಯಲ್ಲೇ ಇದ್ದಾಳೆ.

ಗೇಟಿನಿಂದ ಕಟ್ಟಡದ ಬಾಗಿಲಿಗೆ ನಾನೂರ ಹತ್ತು ಹೆಜ್ಜೆ. ಎಣಿಸಿದ್ದೇನೆ. ಗೆರೆ ಎಳೆದ ಹಾಗೆ ನೆಟ್ಟಗೆ ಕಲ್ಲುಹಾಸು, ತಲೆಯ ಮೇಲೆ ಬೊಗಸೆಯಷ್ಟೂ ನೆರಳಿಲ್ಲ. ಎರಡೂ ಕಡೆ ಹುಲ್ಲು, ಬರೀ ಹುಲ್ಲು, ಒಂದು ಹೂವಿನ ಗಿಡ ಕೂಡ ಇಲ್ಲ. ಆ ಹುಲ್ಲಿನ ಮೇಲೆ ಯಾರೂ ಕಾಲಿಡಬಾರದು. ಬಲಗಡೆ ಒಂದು ಕೊಳ. ಕೊಳವೆಂದರೆ ಒಂದು ಗೇಣು ಆಳ, ತಳಕ್ಕೆ ಕರಿ ಕಲ್ಲು. ಕಟ್ಟಡ ಅದರಲ್ಲಿ ತಲೆಕೆಳಗಾಗಿ ಕಾಣಬೇಕಂತೆ. ನೆಟ್ಟಗೆ ನಿಂತಿರುವುದನ್ನು ನೋಡಿಯೇ ನಮಗೆ ಸಾಕಾಗಿದೆ, ತಲೆಕೆಳಗೆ ಬೇರೆ!

ಕಟ್ಟಡ ದಪ್ಪ ಕಂಬಗಳ ಮೇಲೆ ನಿಂತಿದೆ. ಕಂಬಗಳ ನಡುವೆ ಕೆಳಗೆಲ್ಲ ಖಾಲಿ, ಗಾಳಿ ಓಡಾಡುವುದಕ್ಕೆ. ಮೇಲೆ ನಾಲ್ಕು ಮಹಡಿ. ಗೋಡೆಗೆ ಗಿಲಾವು ಮಾಡಿಲ್ಲ, ಬಣ್ಣ ಬಳಿದಿಲ್ಲ. ಕಾಂಕ್ರೀಟು ಹಾಕುವಾಗ ಹೊಡೆದ ಹಲಗೆಯ ಗೀರು ಹಾಗೇ ಎದ್ದು ಕಾಣುತ್ತದೆ. ದೂರದಿಂದ ಬಂದವರು ಆ ಗೀರನ್ನು ಕುದುರೆಯ ಬೆನ್ನು ಸವರಿದ ಹಾಗೆ ಸವರಿ ಹೋಗುತ್ತಾರೆ. ನಮ್ಮ ಮನೆಯ ಗೋಡೆಗೆ ಗಿಲಾವು ಇಲ್ಲದಿದ್ದರೆ ಅದು ಬಡತನ, ಅಲ್ಲಿ ಇಲ್ಲದಿದ್ದರೆ ಕಲೆ.

ಇದೆಲ್ಲ ಹೋಗಲಿ. ಒಳಗೆ ಬನ್ನಿ. ಕಟ್ಟಡ ಚೌಕ. ನಡುವೆ ತೆರೆದ ಅಂಗಳ, ಅಂಗಳದ ತುಂಬ ಬಿಳಿ ಬೆಣಚುಕಲ್ಲು, ಸರಿಯಾಗಿ ಮಧ್ಯದಲ್ಲಿ ಒಂದೇ ಒಂದು ಮರ. ಆ ಮರವನ್ನೂ ಕತ್ತರಿಸಿ ಕತ್ತರಿಸಿ ನಾಲ್ಕೂ ಕಡೆಯಿಂದ ಒಂದೇ ಥರ ಕಾಣುವಂತೆ ಮಾಡಿಟ್ಟಿದ್ದಾರೆ. ಅಂಗಳದ ಸುತ್ತ ನಾಲ್ಕು ಮಗ್ಗುಲು, ನಾಲ್ಕಕ್ಕೂ ಒಂದೇ ಉದ್ದದ ಓಣಿಯಂಥ ಕಾರಿಡಾರು. ನಾಲ್ಕು ಮೂಲೆಗೆ ನಾಲ್ಕು ಮೆಟ್ಟಿಲು. ಬಾಗಿಲು, ಹಿಡಿಕೆ, ಕಿಟಕಿ, ಕುಂಡ, ಕುಂಡದೊಳಗಿನ ಗಿಡ, ಎಲ್ಲ ಒಂದೇ. ಗೋಡೆಯ ಮೇಲೆ ಒಂದು ಅಕ್ಷರ, ಒಂದು ಅಂಕಿ, ಒಂದು ಬಾಣದ ಗುರುತು ಇರಕೂಡದೆಂದು ಕಟ್ಟಿದ ಆರ್ಕಿಟೆಕ್ಟು ಪುಸ್ತಕವನ್ನೇ ಬರೆದಿಟ್ಟು ಹೋಗಿದ್ದಾನೆ. ಕಂಪನಿಯವರು ಆ ಪುಸ್ತಕವನ್ನು ಕಾನೂನಿನ ಹಾಗೆ ಪಾಲಿಸುತ್ತಾರೆ. ಓಣಿಯಲ್ಲಿ ನಿಂತವನಿಗೆ ಅಂಗಳ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ತಾನು ಯಾವ ಮಗ್ಗುಲಲ್ಲಿದ್ದೇನೆಂದು ಅವನ ಅಪ್ಪ ಬಂದರೂ ಹೇಳಲಾರ.

ಅಕ್ಕ ಈ ಕಟ್ಟಡಕ್ಕೆ ಬಂದದ್ದು ಅದು ಕಟ್ಟಡವಾಗುವುದಕ್ಕೆ ಮೊದಲೇ. ಆಗ ಅವಳಿಗೆ ಹದಿನೆಂಟು. ಹಲಗೆ ಬಿಚ್ಚಿದ ಗೋಡೆಗೆ ಗೋಣಿತಾಟು ಹೊದಿಸಿ, ಅದು ಒಣಗದಂತೆ ದಿನವೆಲ್ಲ ನೀರು ಹೊಯ್ಯುವ ಕೆಲಸ. ನೀರು ಕುಡಿಯದ ಕಾಂಕ್ರೀಟು ಬಿರುಕು ಬಿಡುತ್ತದೆ. ಬಿಸಿಲಲ್ಲಿ ಕೊಡ ಹೊತ್ತು ಏಣಿ ಹತ್ತಿ, ಒಂದೊಂದು ಗೋಡೆಗೂ ಇಪ್ಪತ್ತೊಂದು ದಿನ ನೀರು ಕುಡಿಸಿದ್ದಾಳೆ. ಕಟ್ಟಡ ಮುಗಿದ ಮೇಲೆ ಅಲ್ಲೇ ನೆಲ ಒರೆಸುವ ಕೆಲಸಕ್ಕೆ ಕಾಯಂ ಆದಳು. ಅವತ್ತಿನಿಂದ ಆ ಗೋಡೆಗಳನ್ನು ಯಾರಾದರೂ ಬೈದರೆ, ಹೆತ್ತ ಮಗುವನ್ನು ಬೈದ ಹಾಗೆ ಮುಖ ತಿರುಗಿಸುತ್ತಾಳೆ. ನಾನು ದಿನಾ ಬೈಯುತ್ತೇನೆ, ಅವಳು ದಿನಾ ಮುಖ ತಿರುಗಿಸುತ್ತಾಳೆ. ನಮ್ಮ ಮನೆಯಲ್ಲಿ ಊಟ ಆಗುವುದೇ ಹೀಗೆ.

ಕಚೇರಿ ಶುರುವಾದ ಮೊದಲ ತಿಂಗಳು ಜನ ದಾರಿ ತಪ್ಪಿದ್ದಕ್ಕೆ ಲೆಕ್ಕವಿಲ್ಲ. ಒಬ್ಬ ಗುಮಾಸ್ತ ಮಧ್ಯಾಹ್ನವಿಡೀ ಬೇರೆ ಇಲಾಖೆಯ ಕುರ್ಚಿಯಲ್ಲಿ ಕೂತು ಕೆಲಸ ಮಾಡಿ ಬಂದನಂತೆ. ಅಕ್ಕನಿಗೆ ಆದದ್ದು ಇನ್ನೂ ಚೆಂದ. ಎರಡನೆಯ ಮಹಡಿಯ ಒಂದು ಮೂಲೆಯಲ್ಲಿ ಬಕೆಟ್ ಇಟ್ಟು ಬಟ್ಟೆ ತರಲು ಹೋದಳು. ವಾಪಸು ಬಂದರೆ ಬಕೆಟ್ ಇಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವಳ ಮೇಲೆ ಏರಿಹೋದಳು.

"ನನ್ನ ಬಕೆಟ್ ಎಲ್ಲಿಟ್ಟೆ ಹೇಳೇ!"

"ನಿನ್ನ ಬಕೆಟ್ ತಗೊಂಡು ನಾನೇನು ತಲೆಗೆ ಹಾಕ್ಕೋತೀನಾ? ನನ್ನದೇ ಒಂದಿದೆಯಲ್ಲೇ!"

ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಬಕೆಟ್ ಸಿಕ್ಕಿತು, ಎದುರು ಮಗ್ಗುಲಿನ ಮೂಲೆಯಲ್ಲಿ. ಇಟ್ಟಲ್ಲೇ ಇತ್ತು, ನೀರು ಪಾಚಿಗಟ್ಟಿತ್ತು. ಅಕ್ಕ ಹೋಗಿ ಅವಳ ಕೈ ಹಿಡಿದುಕೊಂಡು ತಪ್ಪಾಯಿತು ಎಂದಳು. ಅವಳು "ನಿಂಗೆ ಕಣ್ಣಿಲ್ಲ, ಹೋಗ್ಲಿ, ಮೂಗಾದ್ರೂ ಇಲ್ವಾ? ಇಷ್ಟು ನಾರ್ತಿದೆ!" ಎಂದು ನಕ್ಕಳಂತೆ.

ಅಕ್ಕನಿಗೆ ದಾರಿ ಹೊಳೆದದ್ದು ಅಲ್ಲಿಂದ. ಸ್ಟೋರಿನಲ್ಲಿ ನೆಲ ಒರೆಸುವ ದ್ರಾವಣ ನಾಲ್ಕು ಥರದ್ದು ಬರುತ್ತಿತ್ತು. ಯಾರು ಯಾವುದನ್ನು ಎಲ್ಲಿ ಹಾಕುತ್ತಾರೆಂದು ಯಾರೂ ನೋಡುತ್ತಿರಲಿಲ್ಲ. ಅಕ್ಕ ನೋಡಿದಳು. ಗೇಟಿನ ಮಗ್ಗುಲಿಗೆ ನಿಂಬೆ. ಕೊಳದ ಮಗ್ಗುಲಿಗೆ ಪೈನ್ ಮರದ ವಾಸನೆಯದು. ಕ್ಯಾಂಟೀನಿನ ಮಗ್ಗುಲಿಗೆ ಗುಲಾಬಿ. ಹಿಂದಿನ ಮಗ್ಗುಲಿಗೆ ಬರೀ ಫಿನೈಲು, ಯಾಕೆಂದರೆ ಅಲ್ಲಿದ್ದದ್ದು ತೆರಿಗೆಯ ವಿಭಾಗ, ಅವರು ಸುವಾಸನೆ ಕೇಳುವವರಲ್ಲ. ಪುಸ್ತಕದಲ್ಲಿ ಕಣ್ಣಿಗೆ ಕಾಣುವುದು ಏನೂ ಇರಬಾರದು ಎಂದಿತ್ತೇ ಹೊರತು ಮೂಗಿನ ಸುದ್ದಿ ಇರಲಿಲ್ಲ. ಬಾಟಲಿಗಳು ಅದಲುಬದಲಾಗದಿರಲಿ ಎಂದು ಒಂದೊಂದರ ಕುತ್ತಿಗೆಗೆ ಒಂದೊಂದು ಬಣ್ಣದ ದಾರ ಕಟ್ಟಿಕೊಂಡಳು.

ವರ್ಷ ಕಳೆಯುವುದರೊಳಗೆ ದಾರಿ ತಪ್ಪುವವರು ಕಡಿಮೆಯಾದರು. ಯಾಕೆಂದು ಅವರಿಗೇ ಗೊತ್ತಿಲ್ಲ. ಮೆಟ್ಟಿಲು ಹತ್ತಿ ಓಣಿಗೆ ಕಾಲಿಟ್ಟವನು ಒಂದು ಕ್ಷಣ ನಿಂತು, ತಪ್ಪಿ ಬಂದಿದ್ದರೆ ತಿರುಗಿ ಹೋಗುತ್ತಿದ್ದ. ಅಭ್ಯಾಸವಾಯಿತು ಅಂದುಕೊಂಡರು. ಕಟ್ಟಡವನ್ನು ಹೊಗಳಿ ಬರೆಯುವವರು, ಇಲ್ಲಿ ಬೋರ್ಡುಗಳೇ ಬೇಡ, ಕಟ್ಟಡ ತಾನೇ ಮನುಷ್ಯನ ಕೈಹಿಡಿದು ನಡೆಸುತ್ತದೆ ಎಂದು ಬರೆದರಂತೆ. ಕೈ ಹಿಡಿದದ್ದು ಯಾರು? ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದ ನಮ್ಮಕ್ಕ. ಇದನ್ನು ಯಾರಿಗಾದರೂ ಹೇಳೇ ಅಂದರೆ, "ಹೇಳೋದೇನಿದೆ ಅದ್ರಲ್ಲಿ? ನೆಲ ಒರೆಸ್ತೀನಿ ಅಷ್ಟೇ" ಎನ್ನುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಹೊಸ ಮ್ಯಾನೇಜರ್ ಬಂದ. ಸ್ವಚ್ಛತೆ, ತೋಟ, ಕೊಳ, ನನ್ನ ದೀಪ, ಎಲ್ಲವೂ ಅವನ ಕೈಕೆಳಗೆ. ಯಾವಾಗಲೂ ಜೇಬಿನಲ್ಲಿ ಅಳತೆಯ ಟೇಪು. ಕುಂಡಕ್ಕೂ ಗೋಡೆಗೂ ಎಷ್ಟು ಅಂತರ, ಹುಲ್ಲು ಎಷ್ಟು ಬೆರಳು ಬೆಳೆದಿದೆ, ಎಲ್ಲ ಅಳೆಯುತ್ತಾನೆ. ನಾವು ಅವನಿಗೆ ಟೇಪು ಎಂದೇ ಹೆಸರಿಟ್ಟೆವು. ಟೇಪು ಬಂದ ಮೂರನೆಯ ತಿಂಗಳು ಆರ್ಡರ್ ಹೊರಟಿತು: ಇನ್ನು ಮುಂದೆ ಇಡೀ ಕಟ್ಟಡಕ್ಕೆ ಒಂದೇ ದ್ರಾವಣ, ಬಣ್ಣವಿಲ್ಲದ್ದು, ವಾಸನೆಯೂ ಇಲ್ಲದ್ದು. ಆರ್ಕಿಟೆಕ್ಟನ ಮನಸ್ಸಿನಲ್ಲಿ ಇದ್ದದ್ದೂ ಅದೇ ಅಂತೆ.

ಅಕ್ಕ ಹೊಸ ದ್ರಾವಣವನ್ನೇನೋ ತೆಗೆದುಕೊಂಡಳು. ಆದರೆ ತಳ್ಳುಗಾಡಿಯ ಕೆಳಗಿನ ಅರೆಯಲ್ಲಿ ಹಳೆಯ ನಾಲ್ಕು ಬಾಟಲಿ ಉಳಿದಿದ್ದವು. ಬಕೆಟಿಗೆ ಒಂದೊಂದು ಮುಚ್ಚಳ ಬೆರೆಸುತ್ತ ಬಂದಳು. ಒಂದು ಬೆಳಿಗ್ಗೆ ಕಟ್ಟಡದ ಫೋಟೋ ತೆಗೆಯುವವರನ್ನು ಕರೆದುಕೊಂಡು ಬಂದ ಟೇಪು ಕೊಳದ ಮಗ್ಗುಲಿನ ಓಣಿಯಲ್ಲಿ ಗಕ್ಕನೆ ನಿಂತ. ಮೂಗರಳಿಸಿದ. ಸೀದಾ ಬಂದು ಅಕ್ಕನ ಗಾಡಿಯ ಬಟ್ಟೆ ಎತ್ತಿದ.

"ಏನಮ್ಮ ಇದು?"

"ಬಾಟ್ಲಿ ಸಾರ್."

"ಕಾಣ್ತಿದೆ. ನಾಲ್ಕು ಯಾಕೆ? ದಾರ ಯಾಕೆ ಕಟ್ಟಿದೀರಿ?"

"ಸುಮ್ನೆ ಸಾರ್."

ಸುಮ್ನೆಯಂತೆ! ಅಲ್ಲಿ ನಾನಿದ್ದೆ, ಏಣಿಯ ಮೇಲೆ, ಹೋಲ್ಡರ್ ಬಿಚ್ಚುತ್ತ. ಬಾಯಿ ಬಿಡುವಷ್ಟರಲ್ಲಿ ಅಕ್ಕ ಮೇಲೆ ನೋಡಿ ಕಣ್ಣಲ್ಲೇ ಗದರಿಸಿದಳು.

ಎರಡು ದಿನಕ್ಕೆ ಮೆಮೊ ಬಂತು. ಆದೇಶ ಮೀರಿ ಬೇರೆ ದ್ರಾವಣ ಬಳಸಿದ್ದು, ಕೆಲಸದಲ್ಲಿ ಅಜಾಗರೂಕತೆ. ಒಪ್ಪಿಕೊಂಡು ಸಹಿ ಮಾಡಿ, ಇಲ್ಲವಾದರೆ ವಿಚಾರಣೆ. ಒಪ್ಪಿಕೊಂಡರೆ ಕಾಯಂ ಪಟ್ಟಿಯಿಂದ ತೆಗೆದು ಗುತ್ತಿಗೆ ಏಜೆನ್ಸಿಗೆ ಸೇರಿಸುತ್ತಾರೆ. ಏಜೆನ್ಸಿಯವರು ಐವತ್ತು ದಾಟಿದವರನ್ನು ಒಂದು ತಿಂಗಳೂ ಇಟ್ಟುಕೊಳ್ಳುವುದಿಲ್ಲ. ಅಂದರೆ ಮೂವತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು, ಅಕ್ಕ ಮನೆಗೆ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಮೆಮೊ ಹರಡಿಕೊಂಡು ಅಕ್ಕ, ನಾನು, ನನ್ನ ಹೆಂಡತಿ ಮೂವರೂ ಕೂತೆವು.

"ಜನ ದಾರಿ ತಪ್ತಾರೆ, ಅದಕ್ಕೇ ಮಾಡ್ದೆ ಅಂತ ಬರೀತೀನಿ. ಮುಗೀತು," ಎಂದೆ.

"ಹಾಗೆ ಬರೀಬೇಡ," ಎಂದಳು ಅಕ್ಕ.

"ಯಾಕೆ?"

"ಕಟ್ಟಡಕ್ಕೆ ಕೆಟ್ಟ ಹೆಸರು ಬರುತ್ತೆ."

ನಾನು ಲೋಟವನ್ನು ಕುಕ್ಕಿದ ರಭಸಕ್ಕೆ ಟೀ ಮೆಮೊದ ಮೇಲೆಲ್ಲ ಚೆಲ್ಲಿತು. "ಕಟ್ಟಡಕ್ಕೆ ಕೆಟ್ಟ ಹೆಸರು! ಅದೇನು ಮದುವೆಗೆ ನಿಂತಿರೋ ಹೆಣ್ಣಾ? ನಿನ್ನ ಕೆಲ್ಸ ಹೋಗ್ತಿದೆ ಕಣೇ!"

"ಕೂಗಬೇಡ. ಪಕ್ಕದ ಮನೆಯವರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ! ಹಾಗಾದ್ರೆ ತಪ್ಪಾಯ್ತು ಅಂತ ಸಹಿ ಮಾಡು, ಕಾಲು ಹಿಡ್ಕೊಂಡು ಬೇಡ್ಕೋ."

"ಅಜಾಗರೂಕತೆ ಅಂತ ಬರೆದಿದಾರೆ. ನಾನು ಜಾಗ್ರತೆಯಿಂದಾನೇ ಮಾಡಿದ್ದು. ಇಲ್ಲದ್ದಕ್ಕೆ ಹೇಗೆ ಸಹಿ ಮಾಡ್ಲಿ?"

ನನ್ನ ಹೆಂಡತಿ ಮೆಮೊವನ್ನು ಸೆರಗಿನಿಂದ ಒತ್ತಿ ಒರೆಸುತ್ತ ಹೇಳಿದಳು: "ಅತ್ತಿಗೆ ಹೇಳೋದ್ರಲ್ಲಿ ನ್ಯಾಯ ಇದೆ ಬಿಡಿ."

"ಹ್ಞಾ, ನೀನೂ ಸೇರ್ಕೋ! ಮೂರು ಜನದಲ್ಲಿ ತಲೆ ಕೆಟ್ಟಿರೋದು ನಂಗೊಬ್ಬನಿಗೇ ಅಲ್ವಾ?"

"ಅದು ನಮಗೆ ಮೊದ್ಲಿಂದ ಗೊತ್ತಿರೋದೇ," ಎಂದು ಇಬ್ಬರೂ ನಕ್ಕರು.

ಹೀಗೆ ವಿಚಾರಣೆಗೆ ಹೋದೆವು. ಆಪಾದನೆ ಹೊತ್ತವರ ಪರವಾಗಿ ಒಬ್ಬ ಸಹೋದ್ಯೋಗಿ ಕೂರಬಹುದೆಂದು ನಿಯಮವಿದೆ. ನಾನು ಕೂತೆ. ಬೇರೆ ಯಾರನ್ನಾದರೂ ಕೂರಿಸು, ನಿನಗೆ ಬಾಯಿ ಮೇಲೆ ಹಿಡಿತವಿಲ್ಲ ಎಂದು ಅಕ್ಕ ಹೇಳಿದ್ದಳು. ಕೇಳಲಿಲ್ಲ.

ವಿಚಾರಣೆ ಮಾಡಲು ಹೊರಗಿನಿಂದ ಒಬ್ಬ ನಿವೃತ್ತ ಅಧಿಕಾರಿಯನ್ನು ಕರೆಸಿದ್ದರು. ಹತ್ತು ಗಂಟೆಗೆ, ಮೂರನೆಯ ಮಹಡಿ, ಕೊಳದ ಮಗ್ಗುಲು. ಹತ್ತಾಯಿತು, ಹತ್ತೂಕಾಲಾಯಿತು. ಮುದುಕರು ಎದುರು ಮಗ್ಗುಲಿನ ಓಣಿಯಲ್ಲಿ ಫೈಲು ಕಂಕುಳಲ್ಲಿಟ್ಟುಕೊಂಡು ಹೋಗುವುದು ಗಾಜಿನಾಚೆ ಕಂಡಿತು. ಸ್ವಲ್ಪ ಹೊತ್ತಿಗೆ ಅವರೇ ಒಂದು ಮಹಡಿ ಕೆಳಗೆ ಕಂಡರು. ಆಮೇಲೆ ಅಂಗಳದಲ್ಲಿ, ಮರದ ಪಕ್ಕ, ಸೊಂಟದ ಮೇಲೆ ಕೈಯಿಟ್ಟು ನಾಲ್ಕೂ ಕಡೆ ನೋಡುತ್ತ ನಿಂತಿದ್ದರು. ಟೇಪು ಓಡಿಹೋಗಿ ಕರೆದುಕೊಂಡು ಬಂದ. ಹತ್ತೂಮುಕ್ಕಾಲು. ಮುದುಕರು ಬೆವರು ಒರೆಸಿಕೊಂಡು ಒಂದು ಲೋಟ ನೀರು ಕುಡಿದರೇ ಹೊರತು ತಡವಾದದ್ದಕ್ಕೆ ಕಾರಣ ಹೇಳಲಿಲ್ಲ. ದೊಡ್ಡವರಿಗೆ ದಾರಿ ತಪ್ಪಿತೆಂದು ಹೇಳಿಕೊಳ್ಳಲು ನಾಚಿಕೆ.

ಟೇಪು ಮೆಮೊ ಓದಿದ. ನಾಲ್ಕು ಬಾಟಲಿಯನ್ನು ಮೇಜಿನ ಮೇಲೆ ಸಾಲಾಗಿ, ಒಂದಕ್ಕೊಂದು ಸಮನಾದ ಅಂತರದಲ್ಲಿ ಇಟ್ಟ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲ ಹೇಳಿಬಿಟ್ಟೆ. ಬಕೆಟಿನ ಕಥೆ, ಗುಮಾಸ್ತನ ಕಥೆ, ನಿಂಬೆ, ಗುಲಾಬಿ, ಎಲ್ಲ. "ಈ ಕಟ್ಟಡದಲ್ಲಿ ಇಲಿ ಬಂದ್ರೂ ದಾರಿ ತಪ್ಪುತ್ತೆ ಸಾರ್. ಇವಳು ಇಲ್ದಿದ್ರೆ ಇಷ್ಟು ವರ್ಷ ಅರ್ಧ ಕಂಪನಿ ಮೆಟ್ಟಿಲ ಮೇಲೇ ಕೂತಿರ್ತಿತ್ತು!"

ಅಧಿಕಾರಿಗಳು ಪೆನ್ನು ಎತ್ತಿ ಅಕ್ಕನ ಕಡೆ ತಿರುಗಿದರು. "ಹೌದೇನಮ್ಮ? ಇಲ್ಲಿ ಜನ ದಾರಿ ತಪ್ತಾರಾ?"

ಗೆದ್ದೆವು ಅಂದುಕೊಂಡೆ. ಹೌದು ಅಂದರೆ ಸಾಕು. ಒಂದೇ ಒಂದು ಹೌದು.

"ಇಲ್ಲ ಸಾರ್. ಯಾರೂ ತಪ್ಪಲ್ಲ," ಎಂದಳು ಅಕ್ಕ.

ನನಗೆ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆ ಗೋಡೆಗೇ.

"ಮತ್ತೆ ನಾಲ್ಕು ವಾಸನೆ ಯಾಕೆ?"

"ನಾನು ತಪ್ತಿದ್ದೆ ಸಾರ್. ನನಗೋಸ್ಕರ ಮಾಡ್ಕೊಂಡೆ. ಕಟ್ಟಡದ್ದೇನೂ ತಪ್ಪಿಲ್ಲ."

ಟೇಪಿಗೆ ಅಷ್ಟೇ ಸಾಕಾಯಿತು. "ನೋಡಿ ಸಾರ್, ಅವರೇ ಒಪ್ಕೊಂಡ್ರು. ಮೂವತ್ತು ವರ್ಷ ಆದ್ರೂ ದಾರಿ ಗೊತ್ತಿಲ್ಲ ಅಂದ್ರೆ ಅದು ಅಜಾಗರೂಕತೆ ಅಲ್ದೆ ಇನ್ನೇನು?"

"ಏಯ್!" ಎಂದೆ ನಾನು.

"ಕೂತ್ಕೋ," ಎಂದಳು ಅಕ್ಕ. ಅಧಿಕಾರಿಗಳೂ ಅದನ್ನೇ ಹೇಳಿದರು. ಕೂತೆ.

ಅಧಿಕಾರಿಗಳು ಏನೂ ಬರೆಯಲಿಲ್ಲ. ಫೈಲು ಮುಚ್ಚಿ ಎದ್ದರು. "ಇವತ್ತಿಗೆ ಇಷ್ಟು ಸಾಕು. ಅಮ್ಮಾ, ನನ್ನನ್ನು ಗೇಟಿನ ತನಕ ಬಿಟ್ಟು ಬರ್ತೀರಾ?" ಟೇಪು ತಾನು ಬರುತ್ತೇನೆಂದು ಮುಂದೆ ಬಂದ. "ನೀವು ಬೇಡ, ಅವರೇ ಬರಲಿ," ಎಂದರು. ನನಗೆ ಯಾರೂ ಬಾ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹತ್ತು ಹೆಜ್ಜೆ ಹಿಂದೆ ಹೋದೆ.

ಅಕ್ಕ ಒಂದು ಕಡೆಯೂ ನಿಲ್ಲಲಿಲ್ಲ. ಓಣಿ ದಾಟಿ, ಮೂಲೆ ತಿರುಗಿ, ಸರಿಯಾದ ಮೆಟ್ಟಿಲು ಇಳಿದು, ಕಂಬಗಳ ನಡುವೆ ಹಾದು ನೇರವಾಗಿ ಕಲ್ಲುಹಾಸಿಗೆ ಕರೆದುಕೊಂಡು ಬಂದಳು. ದಾರಿಯುದ್ದಕ್ಕೂ ಕೈ ಗೋಡೆಯ ಮೇಲೆ ಆಡುತ್ತಲೇ ಇತ್ತು. ಒಂದು ಕಡೆ, "ಇಲ್ಲಿ ಸ್ವಲ್ಪ ಬಿರುಕು ಇದೆ ನೋಡಿ ಸಾರ್, ಆವತ್ತು ಕೊಳಾಯಿ ನಿಂತುಹೋಗಿತ್ತು, ಎರಡು ದಿನ ಸರಿಯಾಗಿ ನೀರು ಕುಡಿಸೋಕಾಗ್ಲಿಲ್ಲ," ಎಂದಳು, ತನ್ನದೇ ತಪ್ಪು ಎಂಬಂತೆ. ಅಧಿಕಾರಿಗಳು ನಿಂತು ಆ ಜಾಗವನ್ನು ಮುಟ್ಟಿ ನೋಡಿದರು.

ಕೊಳದ ಹತ್ತಿರ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅಧಿಕಾರಿಗಳು ಫೈಲನ್ನು ತಲೆಗೆ ಹಿಡಿದು ಹೇಳಿದರು: "ನಿಮಗೆ ದಾರಿ ಚೆನ್ನಾಗೇ ಗೊತ್ತಿದೆಯಲ್ಲಮ್ಮ."

"ಈಗ ಗೊತ್ತು ಸಾರ್."

"ಯಾವಾಗಿಂದ?"

"ಎರಡನೇ ವರ್ಷದಿಂದ."

"ಹಾಗಾದ್ರೆ ಆಮೇಲೆ ಇಪ್ಪತ್ತೊಂಬತ್ತು ವರ್ಷ ಯಾರಿಗೋಸ್ಕರ ಹಾಕಿದ್ರಿ?"

ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡು ಇದೇ. "ಬಿಸಿಲು ಜಾಸ್ತಿ ಇದೆ ಸಾರ್, ಬೇಗ ಹೆಜ್ಜೆ ಹಾಕಿ," ಎಂದಳು. ಮುದುಕರು ನಗು ತಡೆದುಕೊಂಡು ಮುಂದೆ ಹೋದರು. ಗೇಟಿನಲ್ಲಿ ಮಾತ್ರ ನಿಂತು ಒಂದು ಮಾತು ಕೇಳಿದರು: "ಬೇರೆ ದ್ರಾವಣ ಹಾಕೋಕೆ ಯಾರನ್ನಾದ್ರೂ ಕೇಳಿದ್ರಾ? ಅನುಮತಿ?"

"ಇಲ್ಲ ಸಾರ್. ಅದು ನಿಜ. ಯಾರನ್ನೂ ಕೇಳಿಲ್ಲ."

ಹದಿನೈದು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಅಕ್ಕ ಮಾತ್ರ ಎಂದಿನಂತೆ ಎದ್ದು, ಎಂದಿನಂತೆ ಹೋಗಿ, ವಾಸನೆಯಿಲ್ಲದ ನೀರಲ್ಲಿ ನೆಲ ಒರೆಸಿ ಬರುತ್ತಿದ್ದಳು. ಮತ್ತೆ ಜನ ದಾರಿ ತಪ್ಪತೊಡಗಿದ್ದರು. ಮೂಲೆ ಮೂಲೆಯಲ್ಲಿರುವ ಫೋನೆತ್ತಿ ನನ್ನ ಕರೆಂಟು ಕೋಣೆಗೆ ಮಾಡುತ್ತಿದ್ದರು, ಫೋನಿನ ಮೇಲೆ ಅಂಟಿಸಿದ್ದದ್ದು ಅದೊಂದೇ ನಂಬರು. "ನಾನೆಲ್ಲಿದೀನಿ ಹೇಳ್ತೀರಾ?" ಎಂದರೆ ನಾನೇನು ಹೇಳಲಿ? "ನಿಮ್ಮ ಹಣೆಬರಹದಲ್ಲಿದೀರಿ" ಎಂದು ಇಟ್ಟುಬಿಡುತ್ತಿದ್ದೆ.

ಕೊನೆಗೆ ಕಾಗದ ಬಂತು. ಅಜಾಗರೂಕತೆ ಸಾಬೀತಾಗಿಲ್ಲ. ಅನುಮತಿಯಿಲ್ಲದೆ ದ್ರಾವಣ ಬಳಸಿದ್ದು ಸಾಬೀತಾಗಿದೆ, ಅದಕ್ಕೆ ಒಂದು ಎಚ್ಚರಿಕೆ. ಹೆಸರು ಕಾಯಂ ಪಟ್ಟಿಯಲ್ಲೇ ಉಳಿಯುತ್ತದೆ. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ನಾನು ಮೇಲ್ಮನವಿ ಹಾಕೋಣ, ಎಚ್ಚರಿಕೆಯಾದರೂ ಯಾಕೆ, ಆ ಟೇಪಿನವನು ಬಂದು ಕ್ಷಮೆ ಕೇಳಬೇಕು ಎಂದು ಕೂಗಾಡಿದೆ.

"ಸುಮ್ನಿರೋ," ಎಂದಳು ಅಕ್ಕ. "ಅನುಮತಿ ಕೇಳಿರ್ಲಿಲ್ಲ, ಅದನ್ನ ಬರೆದಿದಾರೆ. ಸರಿಯಾಗೇ ಇದೆ." ಪೆನ್ನು ತಗೊಂಡು ನಿಧಾನವಾಗಿ ಸಹಿ ಮಾಡಿದಳು. ಆಮೇಲೆ ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟಳು. "ಈಗ ಬರಿ."

"ಏನು?"

"ಅರ್ಜಿ. ನಾಲ್ಕು ಮಗ್ಗುಲಿಗೆ ನಾಲ್ಕು ದ್ರಾವಣ ಹಾಕೋಕೆ ಅನುಮತಿ ಬೇಕು ಅಂತ."

"ಕಾರಣ ಏನಂತ ಬರೀಲಿ? ಜನ ದಾರಿ ತಪ್ತಾರೆ ಅಂತ ಬರೀಬೇಡ ಅಂತೀಯ!"

"ಕಾರಣ ಬೇಡ. ಕೇಳೋದಷ್ಟೇ ಕೇಳು."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಕಾರಣವಿಲ್ಲದ ಅರ್ಜಿ ಬರೆದುಕೊಟ್ಟೆ. ಟೇಪು ಅದರ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬರೆದ. ಐದು ತಿಂಗಳಾಯಿತು.

ಪ್ರತಿ ಸೋಮವಾರ ಹನ್ನೊಂದಕ್ಕೆ ಅಕ್ಕ ಬಕೆಟ್ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಅವನ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಹೋಗುವುದಿಲ್ಲ, ದನಿ ಏರಿಸುವುದಿಲ್ಲ. "ಸಾರ್, ಅನುಮತಿ ಆಯ್ತಾ?" ಎಂದು ಕೇಳುತ್ತಾಳೆ. ಇಲ್ಲವೆಂದರೆ "ಆಗ್ಲಿ ಸಾರ್, ಮುಂದಿನ ಸೋಮವಾರ ಬರ್ತೀನಿ" ಎಂದು ಹೋಗುತ್ತಾಳೆ. ಒಂದು ವಾರವೂ ತಪ್ಪಿಸಿಲ್ಲ. ಹೋದ ತಿಂಗಳಿನಿಂದ ಟೇಪು ಸೋಮವಾರ ಬೆಳಿಗ್ಗೆ ಕೊಳ ಅಳೆಯಲು ಹೊರಗೆ ಹೋಗಿಬಿಡುತ್ತಾನೆ. ಅಕ್ಕ ನಾನೂರ ಹತ್ತು ಹೆಜ್ಜೆಯ ಆ ಕಲ್ಲುಹಾಸಿನ ಮೇಲೆ, ನೆತ್ತಿ ಸುಡುವ ಬಿಸಿಲಲ್ಲಿ, ಅಲ್ಲಿಗೂ ಹೋಗಿ ಕೇಳಿ ಬರುತ್ತಾಳೆ.